ಆಟದಲ್ಲಿ ಕಲಿತ ಎಚ್ಚರ

ಮಠದಲ್ಲಿದ್ದು ಶಾಸ್ತ್ರಾಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ಗುರುಗಳು ನಮಗೆ ಒತ್ತಿ ಕಲಿಸಿದ್ದು ಪೂರ್ವಪಕ್ಷವನ್ನು. ಪ್ರತಿವಾದಿ ಸಭೆಗೆ ಬರುವ ಮುನ್ನವೇ ಅವನು ಎತ್ತಬಹುದಾದ ಆಕ್ಷೇಪಗಳನ್ನು ನಾವೇ ಎತ್ತಿಕೊಂಡು ಸಮಾಧಾನ ಕಂಡುಕೊಳ್ಳಬೇಕು. ರಾತ್ರಿ ಪ್ರಸಾದವಾದ ಮೇಲೆ ಒಬ್ಬ ವಿದ್ಯಾರ್ಥಿ ಪ್ರತಿವಾದಿಯ ಸೋಗು ಹಾಕುವನು, ಉಳಿದವರು ಉತ್ತರಿಸುವರು. ತಪ್ಪಿದವನನ್ನು ಕಂಡು ಎಲ್ಲರೂ ನಗುವರು. ಆ ನಗೆಯೊಳಗೆ ಕಲಿತದ್ದು ಇಂದಿಗೂ ಮರೆತಿಲ್ಲ. ಆದರೆ ಗ್ರಂಥಕ್ಕೆ ಬಳಸಿದ ಆ ಜಾಣತನವನ್ನು ಬದುಕಿಗೆ ಬಳಸದೆ ಹೋದೆವಲ್ಲ ಎಂಬ ಪಶ್ಚಾತ್ತಾಪವೊಂದು ನಮ್ಮಲ್ಲಿ ಉಳಿದಿದೆ.

1993ರ ಸೆಪ್ಟೆಂಬರ್ 30ರ ನಸುಕು. ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಕಂಪಿಸಿತು. ಬೀದರ ಜಿಲ್ಲೆಯ ನಮ್ಮ ಊರಿನಲ್ಲಿಯೂ ನೆಲ ನಡುಗಿ, ಅಡುಗೆಮನೆಯ ಪಾತ್ರೆಗಳು ಸದ್ದು ಮಾಡಿದವು. ನಾವು ಎದ್ದವರೇ ಅಂಗಳಕ್ಕೆ ಓಡಿದೆವು. ಮನೆಯವರು ಮಕ್ಕಳೊಡನೆ ತವರಿಗೆ ಹೋಗಿದ್ದರು. ಉಸಿರು ತಹಬಂದಿಗೆ ಬಂದ ಮೇಲೆ ನೆನಪಾಯಿತು, ವೃದ್ಧ ತಾಯಿಯವರು ಒಳಕೋಣೆಯ ಕತ್ತಲೆಯಲ್ಲಿಯೇ ಇದ್ದಾರೆಂದು! ಹಿಂದಿನ ದಿನವಷ್ಟೇ ಪ್ರವಚನದಲ್ಲಿ ಈ ದೇಹ ಅನಿತ್ಯವೆಂದು ಸಾರಿ ಬಂದಿದ್ದ ನಾವು, ಆ ಅನಿತ್ಯವಾದ ದೇಹವೊಂದನ್ನೇ ಉಳಿಸಿಕೊಂಡು ಓಡಿದ್ದೆವು.

ನಮ್ಮ ಪುಣ್ಯ, ಮನೆಗೆ ಏನೂ ಆಗಲಿಲ್ಲ. ತಡವರಿಸುತ್ತ ಒಳಗೆ ಹೋದಾಗ ತಾಯಿಯವರು, "ಯಪ್ಪಾ, ನೀ ಹೊರಗ ಹೋಗಿದ್ದು ಛಲೋ ಆಯ್ತು. ಆದರ ಕಂದೀಲು ಎಲ್ಲದ ಅಂತ ಹೇಳಿ ಹೋಗಬೇಕಿತ್ತು" ಎಂದು ನಕ್ಕರು. ಆ ನಗೆಯ ಮುಂದೆ ನಾವು ತಲೆಯೆತ್ತಲಾರದಾದೆವು. ಕಿಲ್ಲಾರಿಯ ಸುತ್ತಮುತ್ತ ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದು, ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ಲಿಂಗೈಕ್ಯರಾದರು, ಮಣ್ಣಾದರು. ನಮ್ಮದೂ ಅಂಥದೇ ಕಲ್ಲುಮಣ್ಣಿನ ಮನೆಯಾಗಿತ್ತು.

ತಾಯಿಯವರು ಈಗಿಲ್ಲ. ಮನೆಯೂ ಈಗ ಕಾಂಕ್ರೀಟಿನದು. ಸೋಮವಾರ ಸಂಜೆ ಪೂಜೆ ಮುಗಿದ ಮೇಲೆ ಪಡಸಾಲೆಯಲ್ಲಿ ಮೊಮ್ಮಕ್ಕಳೊಡನೆ ಆ ಮಠದ ಆಟವನ್ನೇ ಆಡುತ್ತೇವೆ. "ಹಿಂಗಾದರ ಹ್ಯಾಂಗ?" ಎಂದು ಮಕ್ಕಳೇ ಅದಕ್ಕೆ ಹೆಸರಿಟ್ಟಿದ್ದಾರೆ. ಒಬ್ಬರು ಆಪತ್ತನ್ನು ಹೂಡಬೇಕು. ಉಳಿದವರು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು.

ಮೊದಲ ದಿನ ನಮ್ಮ ಮನೆಯವರು, "ದೀಪ ಹಚ್ಚೋ ಹೊತ್ತಿನ್ಯಾಗ ಇಂಥಾ ಮಾತು ಯಾಕ? ದೇವತೆಗಳು ಅಸ್ತು ಅಂದರ?" ಎಂದು ಗದರಿದರು. ಶಕುನ ಅಪಶಕುನಗಳನ್ನು ಶರಣರು ಎಂದೋ ತಳ್ಳಿಹಾಕಿದ್ದಾರೆ. ಇನ್ನು ಅಸ್ತು ಎನ್ನುವವರೇ ಇದ್ದರೆ ನಮ್ಮ ಉತ್ತರಕ್ಕೂ ಅಸ್ತು ಎನ್ನಲಿ ಎಂದೆವು. ಅವರು ನಕ್ಕು ಬಂದು ಕುಳಿತರು.

"ಹಿತ್ತಲಿಗೆ ಹುಲಿ ಬಂದರ?" ಎಂಬುದು ಕಿರಿಯ ಮೊಮ್ಮಗನ ಮೊದಲ ಪ್ರಶ್ನೆ. ಹುಲಿಗೆ ರೊಟ್ಟಿ ಹಾಕಬೇಕೋ ಬೇಡವೋ ಎಂಬ ಚರ್ಚೆಯಲ್ಲಿಯೇ ಅರ್ಧ ಗಂಟೆ ಕಳೆಯಿತು. ನಕ್ಕು ಸಾಕಾದ ಮೇಲೆ ಮಕ್ಕಳು ತಾವಾಗಿಯೇ ಹತ್ತಿರದ ಆಪತ್ತುಗಳಿಗೆ ಬಂದರು. ರಾತ್ರಿ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದರೆ? ಹಿರಿಯ ಮೊಮ್ಮಗ ಓಡಿಹೋಗಿ ದೀಪದ ಸ್ವಿಚ್ಚಿಗೆ ಕೈ ಹಚ್ಚಿದ. "ಢಂ!" ಎಂದು ಎಲ್ಲರೂ ಕೂಗಿದರು, ಅವನು ಆಟದಿಂದ ಹೊರಬಿದ್ದ. ಸ್ವಿಚ್ಚಿನ ಸಣ್ಣ ಕಿಡಿಯೂ ಸಾಕು. ಗ್ಯಾಸು ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹಬ್ಬಿರುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನು ಮಾಡಬೇಕು. ನೂರು ಸಲ ಉಪದೇಶಿಸಿದ್ದರೂ ಆ ಹುಡುಗನ ಕೈಗೆ ಇದು ತಿಳಿಯುತ್ತಿರಲಿಲ್ಲ. ನೆಲ ನಡುಗಿದರೆ ಗಟ್ಟಿ ಮಂಚದ ಕೆಳಗೆ ತಲೆ ಮುಚ್ಚಿ ಕೂಡಬೇಕು, ನಿಂತ ಮೇಲೆ ಹೊರಡಬೇಕು ಎಂಬುದನ್ನೂ ಹೀಗೆಯೇ ಕಲಿತರು.

ಇನ್ನೊಂದು ಸಂಜೆ ಮೊಮ್ಮಗಳು ಬೆಂಕಿಯನ್ನು ಹೂಡಿದಳು. ಹೊಗೆಗೆ ಪ್ರತಿಯಾಗಿ ಕಣ್ಣಿಗೆ ವಸ್ತ್ರ ಕಟ್ಟಿಕೊಂಡು, ಹೊಗೆ ಮೇಲೇರುವುದರಿಂದ ನೆಲಕ್ಕೆ ತಗ್ಗಿ ತೆವಳುತ್ತ ಎಲ್ಲರೂ ತಲೆಬಾಗಿಲಿಗೆ ಬಂದೆವು. ಕಬ್ಬಿಣದ ಜಾಲರಿ ಬಾಗಿಲಿಗೆ ಕೀಲಿ! ಕೀಲಿಕೈ ನಮ್ಮ ಪುಸ್ತಕದ ಕಪಾಟಿನಲ್ಲಿ! ಅಷ್ಟರಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜಾ, ಅಜ್ಜಿಗಿ ಮೊಣಕಾಲು ನೋವು. ಆಕಿನ್ನ ಯಾರು ಹಿಡಕೊಂಡು ಬರ್ತಾರ?"

ಪಡಸಾಲೆ ಮೌನವಾಯಿತು. ಅಜ್ಜಿ ಒಳಗೆ ಮಂಚದ ಮೇಲೆಯೇ ಕುಳಿತಿದ್ದರು. 1993ರಲ್ಲಿ ನಾವು ಕೇಳಿಕೊಳ್ಳದ ಪ್ರಶ್ನೆ ಒಂಬತ್ತು ವರ್ಷದ ಕೂಸಿನ ಬಾಯಿಂದ ಬಂದಿತ್ತು.

ಅಂದೇ ಕೀಲಿಕೈ ಬಾಗಿಲ ಬದಿಯ ಮೊಳೆಗೆ, ಮಕ್ಕಳ ಕೈಗೆಟಕುವಂತೆ ಬಂದಿತು. ಅಜ್ಜಿಯ ದಿಂಬಿನ ಬಳಿ ಬ್ಯಾಟರಿ, ಒಂದೇ ಚೀಲದಲ್ಲಿ ಗುಳಿಗೆಗಳೂ ಕಾಗದಪತ್ರಗಳೂ. ಹೊರಬಂದವರು ಕೂಡಬೇಕಾದದ್ದು ಎದುರಿನ ಬೇವಿನ ಮರದಡಿ. 112 ಎಂಬ ಸಂಖ್ಯೆ ಕಿರಿಯವನಿಗೂ ಬಾಯಿಪಾಠ. ಅಜ್ಜಿಯ ಕೈ ಹಿಡಿಯುವ ಕಾಯಕ ನಮ್ಮದು. ಅದನ್ನು ನಾವೇ ಬೇಡಿ ಪಡೆದೆವು.

ಅರಿವು ಆಚಾರಕ್ಕೆ ಬಾರದಿದ್ದರೆ ಅದು ಗಿಣಿಪಾಠ. ಭಯ ಹುಟ್ಟಿಸಿ ಕಲಿಸಿದ್ದು ಭಯದ ಹೊತ್ತಿಗೆ ಮರೆತುಹೋಗಬಹುದು, ನಗುನಗುತ್ತ ಮೈಗೂಡಿಸಿಕೊಂಡದ್ದು ಕತ್ತಲೆಯಲ್ಲಿಯೂ ಕೈಗೆ ಬರುತ್ತದೆ. ಓದುಗ ಬಂಧುಗಳು ಇಂದು ರಾತ್ರಿ ಪ್ರಸಾದಕ್ಕೆ ಕುಳಿತಾಗ ಮಕ್ಕಳನ್ನೊಮ್ಮೆ ಕೇಳಲಿ: ಕೀಲಿಕೈ ಎಲ್ಲಿದೆ? ಅಜ್ಜಿಯ ಕೈ ಹಿಡಿಯುವವರು ಯಾರು? ಮೊದಲು ಹುಲಿಯ ಮಾತು ಬಂದರೂ ಬರಲಿ, ಬೇಡವೆನ್ನಬಾರದು.