ಒಂದು ಗಂಟೆಯ ದಾರಿ

ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟು ನೋಡಿದರೆ ಬೆಂಗಳೂರಿಗೂ ಮಂಗಳೂರಿಗೂ ನಡುವಿನ ಅಂತರ ಸುಮಾರು 300 ಕಿಲೋಮೀಟರ್. ಹಾಸನ, ಸಕಲೇಶಪುರಗಳನ್ನು ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯುವ ಹೆದ್ದಾರಿಯಲ್ಲಿ ಅದೇ ಅಂತರ ಸುಮಾರು 350. ಹೆಚ್ಚಾದದ್ದು ಕೇವಲ ಐವತ್ತು! ಆದರೂ ರಾತ್ರಿಯ ಬಸ್ಸಿಗೆ ಎಂಟು ಗಂಟೆ ಬೇಕು. ವಿಮಾನಕ್ಕೆ ಒಂದು ಗಂಟೆ ಸಾಕು. ಆ ಒಂದು ಗಂಟೆಯನ್ನು ನಾನು ಬಹುಕಾಲ ನಂಬಿಕೊಂಡಿದ್ದೆ. "ಕರೆದರೆ ಒಂದು ಗಂಟೆಯಲ್ಲಿ ಬಂದೆನೆಂದು ತಿಳಿಯಿರಿ" ಎಂದು ಊರಿನಲ್ಲಿರುವ ತಾಯಿಗೆ ಎಷ್ಟು ಸಲ ಹೇಳಿದ್ದೆನೋ!

2023ರ ಜುಲೈ ತಿಂಗಳ ಒಂದು ಸಂಜೆ ಕರೆ ಬಂದೇ ಬಂದಿತು. ಅಮ್ಮ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದಿತ್ತು. ಮರುದಿನ ಬೆಳಗ್ಗೆ ಎಂಟೂವರೆಗೆ ಶಸ್ತ್ರಚಿಕಿತ್ಸೆ. "ಅಣ್ಣ ಬರಲಿ, ಆಮೇಲೆ ಒಳಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ" ಎಂದ ತಮ್ಮ.

ರಾತ್ರಿ ಹತ್ತಕ್ಕೆ ಬಸ್ಸಿತ್ತು. ಆದರೆ ಮಳೆಗಾಲ, ಘಾಟಿಯಲ್ಲಿ ಗುಡ್ಡ ಕುಸಿದರೆ ಗತಿಯೇನು? ಬೆಳಗಿನ ಏಳು ಗಂಟೆಯ ವಿಮಾನಕ್ಕೆ ಟಿಕೆಟು ಕೊಂಡೆ.

ಏಳರ ವಿಮಾನಕ್ಕೆ ಜಯನಗರದ ಮನೆಯನ್ನು ಬಿಟ್ಟದ್ದು ಮೂರೂವರೆಗೆ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದಂದಿನಿಂದ, ಮಂಗಳೂರಿಗೆ ಹೊರಟವನು ಮೊದಲು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಒಂದು ಪ್ರವಾಸವನ್ನೇ ಮಾಡಬೇಕು. ಅಲ್ಲಿ ತಪಾಸಣೆ, ಸಾಲು, ಕಾಯುವಿಕೆ. ವೇಳಾಪಟ್ಟಿಯ ಒಂದು ಗಂಟೆಯೂ ಪೂರ್ತಿ ಹಾರಾಟದ್ದಲ್ಲ. ನಮ್ಮದು ರೆಕ್ಕೆಯ ಮೇಲೆ ಪಂಖ ತಿರುಗುವ ಚಿಕ್ಕ ವಿಮಾನ. ತಾಸಿಗೆ 500 ಕಿಲೋಮೀಟರಿನಂತೆ ಹಾರಿದರೆ ಮೂವತ್ತಾರು ನಿಮಿಷದ ದಾರಿ. ಉಳಿದುದೆಲ್ಲ ನೆಲದಲ್ಲಿ ಉರುಳುವುದಕ್ಕೆ, ಮೆಲ್ಲನೆ ಏರುವುದಕ್ಕೆ, ಮೆಲ್ಲನೆ ಇಳಿಯುವುದಕ್ಕೆ.

ಅಂದು ಇಳಿಯುವುದೇ ಆಗಲಿಲ್ಲ. ಬಜ್ಪೆಯ ನಿಲ್ದಾಣವಿರುವುದು ಮಟ್ಟಮಾಡಿದ ಗುಡ್ಡದ ನೆತ್ತಿಯ ಮೇಲೆ. ಓಡುದಾರಿ ಮುಗಿದಲ್ಲಿ ಕಣಿವೆ. ದಾರಿ ಕಣ್ಣಿಗೆ ಬೀಳದೆ ಚಾಲಕನು ಅಲ್ಲಿ ಇಳಿಯಲಾರ, ಇಳಿಯಲೂ ಕೂಡದು. ಎಂಟು ಗಂಟೆಗೆ ನಾವು ಮೋಡದ ಮೇಲೆ ಸುತ್ತು ಹಾಕತೊಡಗಿದೆವು. ಮೇಲೆ ಎಂತಹ ಬಿಸಿಲು! ಕೆಳಗೆ ಹತ್ತಿ ಹಾಸಿದಂತೆ ಬಿಳುಪು. ಅದರಡಿಯಲ್ಲೆಲ್ಲೋ ನನ್ನ ತಾಯಿ. ಪಕ್ಕದ ಗೃಹಸ್ಥರು ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದರು. ಅವರ ಮೇಲೆ ನನಗೆ ವಿನಾಕಾರಣ ಕೋಪ ಬಂದಿತು. ಎಂಟೂವರೆ ಕಳೆದ ಮೇಲೆ, ಬೆಂಗಳೂರಿಗೆ ಹಿಂದಿರುಗುತ್ತಿದ್ದೇವೆಂಬ ಪ್ರಕಟಣೆ ಕೇಳಿಸಿತು.

ಮಧ್ಯಾಹ್ನದ ವಿಮಾನದಲ್ಲಿ ಮತ್ತೆ ಹೊರಟು ಆಸ್ಪತ್ರೆಯನ್ನು ಸೇರಿದಾಗ ಸಂಜೆ ಐದು. ಒಂದು ಗಂಟೆಯ ದಾರಿಗೆ ಹದಿಮೂರೂವರೆ ಗಂಟೆ! ನಾನು ಬಿಟ್ಟ ರಾತ್ರಿ ಬಸ್ಸು ಯಾವ ಅಡ್ಡಿಯೂ ಇಲ್ಲದೆ ಬೆಳಗ್ಗೆ ಆರಕ್ಕೇ ಬಂದಿತ್ತಂತೆ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿತ್ತು, ಅಮ್ಮ ನಿದ್ರೆಯಲ್ಲಿದ್ದಳು. ಹೊರಗಿನ ಬೆಂಚಿನ ಮೇಲೆ ಕುಳಿತು ತಮ್ಮ ಬೆಳಗಿನ ಸಂಗತಿಯನ್ನು ಹೇಳಿದ. ಒಳಗೆ ಕರೆದೊಯ್ಯುವಾಗ ಅವಳು ಗೋಡೆಯ ಗಡಿಯಾರ ನೋಡಿ, "ಎಂಟು ಇಪ್ಪತ್ತಾಯಿತು, ಅವನ ವಿಮಾನ ಈಗ ಎಲ್ಲಿದೆಯೋ?" ಎಂದಳಂತೆ. ಇವನಿಗೇನು ಗೊತ್ತು? ಧೈರ್ಯಕ್ಕಾಗಿ, "ಇಲ್ಲೇ ನಮ್ಮ ತಲೆಯ ಮೇಲೆ ಇದೆ, ನೀನು ಹೋಗಮ್ಮ" ಎಂದುಬಿಟ್ಟನಂತೆ. ಅವಳು ಚಾವಣಿಯನ್ನೊಮ್ಮೆ ನೋಡಿ, ಸುಮ್ಮನೆ ಒಳಗೆ ಹೋದಳಂತೆ.

"ಸುಳ್ಳು ಹೇಳಿದೆ, ಅಣ್ಣ" ಎಂದು ತಮ್ಮ ತಲೆ ತಗ್ಗಿಸಿದ.

"ಸುಳ್ಳಲ್ಲವೋ" ಎಂದೆ.