ಗಡ್ಡ ಮೂಡದ ಸಂಪಾದಕ

ಉರ್ದು ಶಾಲೆಯ ನಮ್ಮ ತರಗತಿಯ ಗೋಡೆಯಲ್ಲಿ ಮೌಲಾನಾ ಅಬುಲ್ ಕಲಾಮ್ ಆಝಾದರ ಚಿತ್ರ ತೂಗುತ್ತಿತ್ತು. ಎತ್ತರದ ಟೋಪಿ, ಬಿಳಿಗಡ್ಡ. ಹುಟ್ಟಿದ್ದೇ ಶಿಕ್ಷಣ ಮಂತ್ರಿಯಾಗಿ ಎಂಬಂತೆ ಪಾಠ ಒಪ್ಪಿಸಿದೆವು. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮಕ್ಕೆ ಬಂದರೆ ಅಲ್ಲಿಯೂ ಅದೇ ಚಿತ್ರ. ಆ ಗಡ್ಡ ಮೂಡುವ ಮುಂಚಿನ ಕತೆಯನ್ನು ಎರಡೂ ಭಾಷೆಯ ಮೇಷ್ಟ್ರುಗಳು ಹೇಳಲಿಲ್ಲ.

ಕಳೆದ ತಿಂಗಳು ಅಕ್ಕನ ಮಗಳು ಬಂದಿದ್ದಳು. ಮೂರು ವರ್ಷದಿಂದ ಪತ್ರಿಕೆಯೊಂದರಲ್ಲಿದ್ದಾಳೆ. ನಾಟಕ, ಬಜೆಟ್, ಚುನಾವಣೆ ಯಾವುದರ ಬಗ್ಗೆಯೂ ಬರೆಯಬಲ್ಲ ಹುಡುಗಿ. "ಖಾಲಾ, ನನ್ನನ್ನು ಕೇಳುವುದು ಬುರ್ಖಾ, ತಲಾಕ್ ಎರಡೇ. ಬರೆದರೆ ನಮ್ಮವರು ಬಯ್ಯುತ್ತಾರೆ, ಬರೆಯದಿದ್ದರೆ ಆಫೀಸಿನಲ್ಲಿ ಮುಖ ಊದಿಸುತ್ತಾರೆ" ಎಂದಳು. "ಸ್ವಲ್ಪ ದಿನ ಸುಮ್ಮನಿರು ಬೇಟಾ, ಮದುವೆ ಮಾತುಕತೆ ಬೇರೆ ನಡೀತಿದೆ" ಎಂದೆ. ಅವಳು ಅರ್ಧ ಕುಡಿದ ಚಹಾ ಕೆಳಗಿಟ್ಟಳು. ಇಪ್ಪತ್ತು ವರ್ಷ ಕತೆ ಬರೆದವಳ ಬಾಯಲ್ಲಿ ಇಂಥ ಮಾತು ಬಂತಲ್ಲ ಎಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಆಗ ನೆನಪಾದವರು ಆಝಾದ್. 1903ರಲ್ಲಿ ಕಲ್ಕತ್ತೆಯಲ್ಲಿ 'ಲಿಸಾನುಸ್ಸಿದ್ಖ್' ಪತ್ರಿಕೆ ಹೊರಡಿಸಿದಾಗ ಅವರಿಗೆ 15 ವರ್ಷ. ತಂದೆ ಅಪಾರ ಮುರೀದರಿದ್ದ ಪೀರ್. ಮಗ ಆ ದಾರಿ ಬಿಟ್ಟು ಪತ್ರಿಕೆ ಹಿಡಿದ. ಬರಹ ಓದಿ ಯಾರೋ ವೃದ್ಧ ವಿದ್ವಾಂಸರೆಂದುಕೊಂಡಿದ್ದವರು, ಎದುರು ಕಂಡಾಗ ಸಂಪಾದಕರ ಮಗನಿರಬೇಕೆಂದು ಭಾವಿಸಿದರಂತೆ.

1912ರ ಜುಲೈಯಲ್ಲಿ 'ಅಲ್-ಹಿಲಾಲ್' ವಾರಪತ್ರಿಕೆ. ಆಗ ಇನ್ನೂ 23. ಉರ್ದು ಪತ್ರಿಕೆಯೆಂದರೆ ಕಾತಿಬರು ಕೈಯಲ್ಲಿ ಬರೆದು ಕಲ್ಲಚ್ಚಿನಲ್ಲಿ ಒತ್ತುತ್ತಿದ್ದ ಕಾಲ. ಇವರು ಮೊಳೆ ಜೋಡಿಸಿ, ಫೋಟೋ ಸಹಿತ ತಂದರು. ಕುರ್‌ಆನ್ ವ್ಯಾಖ್ಯಾನ, ಬಾಲ್ಕನ್ ಯುದ್ಧ, 1913ರ ಕಾನಪುರ ಮಸೀದಿ ಗೋಲಿಬಾರ್ ಎಲ್ಲವೂ ಅದರಲ್ಲಿ ಬಂತು. ಅರಬಿ-ಫಾರಸಿ ತುಂಬಿದ ಆ ಉರ್ದು ನನಗೆ ಇವತ್ತಿಗೂ ಕಷ್ಟ, ನಿಘಂಟು ಪಕ್ಕದಲ್ಲಿರಬೇಕು. ಆದರೂ ಎರಡು ವರ್ಷದಲ್ಲಿ ವಾರಕ್ಕೆ 26,000 ಪ್ರತಿ ಹೋಗುತ್ತಿತ್ತೆಂದು ಅವರೇ ಹೇಳಿಕೊಂಡಿದ್ದಾರೆ.

ಬ್ರಿಟಿಷರನ್ನು ಟೀಕಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಸರ್ಕಾರಕ್ಕೆ ನಿಷ್ಠರಾಗಿರಿ, ರಾಜಕೀಯದಿಂದ ದೂರವಿರಿ ಎನ್ನುತ್ತಿದ್ದ ಅಲಿಗಢದ ನಾಯಕರನ್ನೂ ಆಝಾದ್ ಬಿಡಲಿಲ್ಲ. ಕೊಲ್ಲುವ ಬೆದರಿಕೆ ಬಂದದ್ದು ಆ ಕಡೆಯಿಂದ. ನಮ್ಮ ಪಾಠದಲ್ಲಿ ಇದು ಇರಲಿಲ್ಲ.

1910ರ ಪ್ರೆಸ್ ಆಕ್ಟ್ ವಿಚಿತ್ರದ್ದು. ಮೊದಲು ಠೇವಣಿ ಇಡಬೇಕು; ಬರೆದದ್ದು ಹಿಡಿಸದಿದ್ದರೆ ಸರ್ಕಾರ ಅದನ್ನು ನುಂಗಿ ಇನ್ನೂ ದೊಡ್ಡ ಮೊತ್ತ ಕೇಳುತ್ತದೆ. 2,000 ರೂಪಾಯಿ ಹೋಯಿತು, ಆಮೇಲೆ 10,000 ಕೇಳಿದರು. 'ಅಲ್-ಹಿಲಾಲ್' ನಿಂತಿತು. 1915ರಲ್ಲಿ 'ಅಲ್-ಬಲಾಗ್' ಎಂಬ ಹೊಸ ಹೆಸರಿನಲ್ಲಿ ಹೊರಟರು. 1916ರಲ್ಲಿ ಕಲ್ಕತ್ತೆಯಿಂದಲೇ ಹೊರಹಾಕಿದರು. 1919ರ ಕೊನೆಯವರೆಗೆ ರಾಂಚಿಯಲ್ಲಿ ನಜರ್‌ಬಂದಿ.

ಬೆಳಿಗ್ಗೆ ಹುಡುಗಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿ, "ಅವರಿಗೆ ಮದುವೆ ಆಗಿತ್ತಾ ಖಾಲಾ?" ಎಂದಳು. ಚಿಕ್ಕ ವಯಸ್ಸಿನಲ್ಲೇ ಆಗಿತ್ತು ಎಂದೆ. "ಹಾಗಾದ್ರೆ ನಿಮ್ಮಂಥ ಖಾಲಾ ಇದ್ದಿರಲಿಕ್ಕಿಲ್ಲ ಬಿಡಿ" ಎಂದು ನಕ್ಕಳು.

ಈ ವಾರ ಅವಳ ಲೇಖನ ಬಂದಿದೆ, ಊರಿನ ಕುಡಿಯುವ ನೀರಿನ ದರದ ಮೇಲೆ. ಅಕ್ಕನಿಗೆ ಕನ್ನಡ ಓದಲು ಬರುವುದಿಲ್ಲ. ಪಕ್ಕದಲ್ಲಿ ಕೂತು ಓದಿ ಹೇಳಿದೆ.