ಒಬ್ಬಳೇ ಎಬ್ಬಿಸಿದ ಟೆಂಟು

ಪಶ್ಚಿಮದ ಆಕಾಶ ಕಪ್ಪಿಟ್ಟಿತು. ಆಗಷ್ಟೇ ಎದುರಿಗಿದ್ದ ಗುಡ್ಡ ಕಾಣೆಯಾಯಿತು. ಸಿಲ್ವರ್ ಓಕ್ ಮರಗಳ ತುದಿಗಳು ಒಂದೇ ಸಲ ಬಾಗಿ, ಎದ್ದು, ಮತ್ತೆ ಬಾಗಿದವು. ಏಪ್ರಿಲ್ ತಿಂಗಳು, ಮೂಡಿಗೆರೆ ಸೀಮೆ, ಕಾಫಿ ತೋಟದಂಚಿನ ಹುಲ್ಲುಬಯಲು. ತೋಟದವರು ಕಾಫಿ ಹೂ ಅರಳಿಸುವ ಹೂಮಳೆಗೆ ಕಾದು ಕೂತಿದ್ದರು. ನನಗೆ ಬೇಕಿದ್ದದ್ದು ಇನ್ನು ಹತ್ತೇ ನಿಮಿಷ. ಟೆಂಟು ಚೀಲದಿಂದ ಹೊರಬಂದಿರಲಿಲ್ಲ. ಮಗಳು ನನ್ನ ಸೊಂಟ ಹಿಡಿದು ನಿಂತಿದ್ದಳು. ನಮ್ಮ ಜೊತೆ ಮೂರನೆಯವರಿಲ್ಲ, ಮನೆಯಲ್ಲೂ ಇಲ್ಲ.

“ಅಮ್ಮಾ, ಮಳೆ ಬಂತು!”

“ಬರಲಿ ಪುಟ್ಟಾ. ಗೂಟದ ಚೀಲ ನಿಂದು. ನಾನು ಕೇಳಿದಾಗ ಒಂದೊಂದೇ ಕೊಡು. ನನ್ನ ಕಣ್ಣೆದುರೇ ಇರು.”

ಕೈಯಲ್ಲಿ ಕೆಲಸವಿದ್ದರೆ ಮಗು ಇದ್ದಲ್ಲೇ ಇರುತ್ತದೆ. ಟೆಂಟು ಕೊಡವಿದೆ. ಗಾಳಿ ಕಿತ್ತುಕೊಳ್ಳಲು ನೋಡಿತು, ಮೊಣಕಾಲೂರಿ ಅದುಮಿದೆ. ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು, ಗಾಳಿ ಬರುವ ಕಡೆಯ ಮೂಲೆಗಳು ಮೊದಲು ನೆಲಕ್ಕೆ ಕಚ್ಚಿಕೊಳ್ಳಬೇಕು. “ಗೂಟ!” ಪುಟ್ಟ ಕೈ ಮುಂದೆ ಬಂತು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆದೆ. ನೆಟ್ಟಗೆ ಹೊಡೆದದ್ದು ಜಗ್ಗಿದರೆ ಸುಲಭವಾಗಿ ಕಿತ್ತು ಬರುತ್ತದೆ. “ಇನ್ನೊಂದು!”

ಇನ್ನು ಕೋಲು. ಒಬ್ಬರೇ ಟೆಂಟು ಎಬ್ಬಿಸುವವರು ಸೋಲುವುದು ಇಲ್ಲೇ. ಗುಮ್ಮಟದ ಟೆಂಟಿಗೆ ಒಂದಕ್ಕೊಂದು ಅಡ್ಡ ಹಾಯುವ ಎರಡು ಉದ್ದ ಕೋಲು. ಕೋಲಿನ ತುಂಡುಗಳನ್ನು ಒಳಗಿಂದ ಎಲಾಸ್ಟಿಕ್ ದಾರ ಪೋಣಿಸಿರುತ್ತದೆ. ಅವಸರದಲ್ಲಿ ಎಳೆದರೆ ಬಟ್ಟೆಯ ಕೊಳವೆಯೊಳಗೇ ತುಂಡುಗಳು ಬಿಟ್ಟುಕೊಂಡು ಸಿಕ್ಕಿಬೀಳುತ್ತವೆ, ತಳ್ಳಬೇಕು, ಎಳೆಯಬಾರದು. ಈ ತುದಿ ಸಿಕ್ಕಿಸಿ, ಆ ಮೂಲೆಗೆ ಓಡಿ ಬಾಗಿಸುವಷ್ಟರಲ್ಲಿ ಈ ತುದಿ ಚಿಮ್ಮಿ ಹೊರಬರುತ್ತದೆ. ಇಬ್ಬರಿದ್ದರೆ ಒಬ್ಬರು ಹಿಡಿದುಕೊಂಡಾರು. ಹಿಡಿದುಕೊಳ್ಳುವವರಿಲ್ಲದ ನಾನು ಹುಡುಕಿ ತಂದ ಟೆಂಟಿನ ಕೊಳವೆ ಒಂದು ಕೊನೆಯಲ್ಲಿ ಜೇಬಿನ ಹಾಗೆ ಹೊಲಿದು ಮುಚ್ಚಿರುವಂಥದ್ದು. ಒಂದೇ ಕಡೆ ನಿಂತು ತಳ್ಳಿದೆ. ಕೋಲು ಜೇಬಿನ ತಳ ಮುಟ್ಟಿ ನಿಂತಿತು. ಬಾಗಿಸಿದೆ, ಸಿಕ್ಕಿಸಿದೆ. ಎರಡನೆಯದನ್ನೂ ತಳ್ಳಿದೆ. ಟೆಂಟು ಎದ್ದು ನಿಂತಿತು! ಉಳಿದ ಮೂಲೆಗಳಿಗೂ ಗೂಟ ಬಿತ್ತು. ಅಷ್ಟರಲ್ಲಿ ದಪ್ಪ ಹನಿ. ಮಳೆ ತಡೆಯುವ ಮೇಲ್ಹೊದಿಕೆಗೆ ಒಳಗಿನ ಬಟ್ಟೆ ಮೊದಲೇ ತಗಲಿಕೊಂಡಿದ್ದರಿಂದ ಎರಡೂ ಒಟ್ಟಿಗೇ ಎದ್ದಿದ್ದವು. ಒಳಗಿನದನ್ನು ಮೊದಲು ನಿಲ್ಲಿಸಿ ಆಮೇಲೆ ಹೊದಿಸುವ ಟೆಂಟಾಗಿದ್ದರೆ ನಾವು ಮಲಗುವ ಜಾಗ ಆಗಲೇ ಒದ್ದೆ.

ಮಿಂಚು!

“ಎಣಿಸು ಪುಟ್ಟಾ!” ಒಂದು, ಎರಡು, ಮೂರು... ಇಪ್ಪತ್ತೊಂದಕ್ಕೆ ಗುಡುಗು. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು. ಸಿಡಿಲು 7 ಕಿಲೋಮೀಟರ್ ಆಚೆ ಇದೆ. ಎಣಿಕೆ 30 ಮುಟ್ಟುವ ಮೊದಲೇ ಗುಡುಗಿದರೆ ಬಯಲಲ್ಲಿ ಇರಕೂಡದು. ಟೆಂಟು ಎಂಥದೇ ಆಗಿರಲಿ, ಮಳೆ ತಡೆದೀತು, ಸಿಡಿಲು ತಡೆಯದು. ಹಗ್ಗ ಬಿಗಿಯುವುದು ಬಾಕಿ ಇತ್ತು. ಬಿಟ್ಟೆ. ಮಗಳನ್ನು ಎತ್ತಿಕೊಂಡು ಕಾರಿಗೆ ಓಡಿದೆ. ಜಾರಿದೆ, ಎದ್ದೆ, ಓಡಿದೆ. ಬಾಗಿಲು ಹಾಕಿ ಗಾಜು ಏರಿಸುವಷ್ಟರಲ್ಲಿ ಬಯಲೆಲ್ಲ ಬೆಳ್ಳಗಾಯಿತು.

ಗಾಜಿನಾಚೆ, ಮಿಂಚಿದಾಗೊಮ್ಮೆ ಟೆಂಟು ಕಾಣುತ್ತಿತ್ತು. ಗಾಳಿ ಹೊಡೆತಕ್ಕೆ ಅರ್ಧ ಚಪ್ಪಟೆಯಾಗುವುದು, ಮತ್ತೆ ಎದ್ದು ನಿಲ್ಲುವುದು. ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟು ಆಗ ನೆನಪಾಯಿತು. ಕೆಚುವಾ ಬ್ರಾಂಡಿನ ‘2 ಸೆಕೆಂಡ್ಸ್’ 2005ರಲ್ಲೇ ಬಂದಿದೆ, ನಿಲ್ಲಿಸಲು ಅದಕ್ಕಿಂತ ಸುಲಭದ್ದಿಲ್ಲ. ಕಾರಿದ್ದವರು ಧೈರ್ಯವಾಗಿ ಕೊಳ್ಳಬಹುದು. ಆದರೆ ಅಂಥದ್ದು ಮಡಚಿದರೆ ಮೊರಕ್ಕಿಂತ ಅಗಲದ ಚಕ್ರವಾಗುತ್ತದೆ, ಹಾಗೆ ಮಡಚುವುದಕ್ಕೂ ವರಸೆ ಗೊತ್ತಿರಬೇಕು. ಬಸ್ಸಿನಲ್ಲಿ ಓಡಾಡುವ ತಾಯಿಗೆ, ತಂದೆಗೆ ಅದು ಭಾರವೇ.

ಕೊನೆಯ ಗುಡುಗಿನಿಂದ 30 ನಿಮಿಷ ಬಿಟ್ಟು ಕೆಳಗಿಳಿದೆವು. ಮೇಲ್ಹೊದಿಕೆಯಿಂದ ನೀರು ಸುರಿಯುತ್ತಿತ್ತು. ಜಿಪ್ ಎಳೆದು ಕೈಯಾಡಿಸಿದೆ. ನೆಲ ಬೆಚ್ಚಗೆ, ಒಣಗಿತ್ತು! ಬಟ್ಟೆಯ ಮೇಲೆ ‘2000 ಮಿ.ಮೀ.’ ಎಂದು ಬರೆದದ್ದು ಸುಮ್ಮನಲ್ಲ. 2 ಮೀಟರ್ ಎತ್ತರದ ನೀರಿನ ಒತ್ತಡಕ್ಕೂ ಅದು ಒಸರುವುದಿಲ್ಲ. ಹಗ್ಗ ಬಿಗಿದೆ, ಬ್ಯಾಗು ಒಳಗೆ ತಂದೆ. ನಾಲ್ಕು ಜನರ ಟೆಂಟೆಂದರೆ ಭುಜಕ್ಕೆ ಭುಜ ತಾಗಿಸಿ ಮಲಗುವ ನಾಲ್ವರ ಲೆಕ್ಕ. ನಮ್ಮಿಬ್ಬರಿಗೂ ನಮ್ಮ ಸಾಮಾನಿಗೂ ಅದೇ ಸರಿ. ಎಷ್ಟೇ ಚಳಿಯಾದರೂ ಒಲೆ ಮಾತ್ರ ಒಳಗೆ ತರಬೇಡಿ, ಅದು ಉಗುಳುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಅದು ಮಲಗಿದವರನ್ನು ಎಬ್ಬಿಸುವುದೂ ಇಲ್ಲ.

ಮಕ್ಕಳನ್ನು ಒಬ್ಬರೇ ಸಾಕುತ್ತಿರುವವರೇ, ದಯವಿಟ್ಟು ಬೆಲೆ ಕೇಳುವ ಮೊದಲು ಅಂಗಡಿಯಲ್ಲೇ ಟೆಂಟನ್ನು ಬಿಚ್ಚಿಸಿ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಂಗಡಿಯವರ ಕೈ ಹಚ್ಚಿಸದೆ, ನೀವೇ ಎಬ್ಬಿಸಿ ನೋಡಿ. ಎದ್ದರೆ ಕೊಳ್ಳಿ. ಇಲ್ಲದಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.